ದಡಿಯನಿಗೆ ಯಾವುದು ಮೊದಲು

ಮನೆ, ಅಡುಗೆಮನೆಯ ಮೇಜು
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಬಂದರಿನವರ ಲಾರಿಯ ಸೀಟು ಹಲಗೆಯ ಹಾಗಿದೆ ಎಂದಿದ್ದೆ. ನಿಮ್ಮಮ್ಮನ ದಿಂಬು ತೆಗೆದುಕೊಂಡು ಹೋಗು ಎಂದರೆ ನೀನೆಲ್ಲಿ ಕೇಳುತ್ತೀಯ. ನಾನು ಗಟ್ಟಿಯಾಗಿದ್ದೇನೆ. ಐ ಆಮ್ ಕ್ವೈಟ್ ವೆಲ್ ಅಂಡ್ ಹೋಪ್ ದಿಸ್ ಲೆಟರ್ ಫೈಂಡ್ಸ್ ಯೂ ಇನ್... ಇನ್ ಏನೋ ಒಂದು. ಕಾಲೇಜಿನಲ್ಲಿ ಈ ಸಾಲನ್ನು ಬಾಯಿಪಾಠ ಮಾಡಿಸಿದ್ದರು, ಬಾಲ ಉದುರಿಹೋಗಿದೆ. ಫೋನ್ ಇರುವಾಗ ಪತ್ರ ಯಾಕಪ್ಪಾ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನೀನು ಎರಡೇ ಮಾತಿಗೆ ನನ್ನ ಬಾಯಿ ಮುಚ್ಚಿಸುತ್ತೀಯ. ಕಾಗದವಾದರೆ ನಾನು ಮುಗಿಸುವವರೆಗೆ ಕೇಳಲೇಬೇಕು.

ವಿಷಯ ದಡಿಯನದು. ನಿನ್ನ ಸ್ವಂತ ಲಾರಿಗೆ ನಿಮ್ಮಮ್ಮ ಆ ಹೆಸರಿಟ್ಟ ದಿನ ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ, ನೆನಪಿದೆಯಾ? ಬಂದರಿಗೆ ಹೋಗುವಾಗ ನೀನು ಅವನನ್ನು ಗೊಣಗಣ್ಣನ ಗ್ಯಾರೇಜಿನಲ್ಲಿ ನಿಲ್ಲಿಸಿ, ಬೆರಳು ಮಡಚುತ್ತಾ ಹೇಳಿದೆ: ಮೊದಲು ಇಂಜಿನ್ನಿನ ಕಂಪ್ಯೂಟರಿಗೆ ಹೊಸ ಟ್ಯೂನಿಂಗ್, ಆಮೇಲೆ ಇನ್ನಷ್ಟು ಬಲಕ್ಕೆ ದೊಡ್ಡ ಟರ್ಬೊ, ಇಂಜೆಕ್ಟರು, ಕ್ಲಚ್ಚು, ರೇಡಿಯೇಟರೂ ಬ್ರೇಕೂ ಮುಂದಿನ ವರ್ಷ. ಕಲ್ಲುಕೋರೆಯ ಕೆಲಸ ನಿನಗೇ ಸಿಗಬೇಕಾದರೆ ಅಲ್ಲಿಯ ಏರನ್ನು ತುಂಬಿದ ಲೋಡಿನಲ್ಲಿ ಎಲ್ಲರಿಗಿಂತ ಬೇಗ ಹತ್ತಬೇಕು, ಒಪ್ಪಿದೆ. ಆದರೆ "ಮೊದ್ಲು ಓಡ್ಲಿ ಅಪ್ಪಾ, ನಿಲ್ಸೋದು ಆಮೇಲೆ ನೋಡ್ಕೊಳ್ಳೋಣ" ಎಂದು ನಗುತ್ತಾ ಬಸ್ಸು ಹತ್ತಿದೆಯಲ್ಲ, ಅವತ್ತಿನಿಂದ ನಾನು ದಿನಾ ಗ್ಯಾರೇಜಿಗೆ ಹೋಗಿ ಕೂರುತ್ತಿದ್ದೇನೆ.

ಟ್ಯೂನಿಂಗ್ ಮುಗಿಯಿತು. ಗುರುವಾರ ಗೊಣಗಣ್ಣ ಮರಳಿನ ಮೂಟೆ ತುಂಬಿಸಿ, "ಬನ್ನಿ ಯಜಮಾನ್ರೇ, ಮಗಳ ಗಾಡಿ ಹೆಂಗೆ ಹಾರುತ್ತೆ ನೋಡೋರಂತೆ" ಎಂದು ಕೋರೆಯ ಏರಿನಲ್ಲೇ ಟ್ರಯಲ್ಲಿಗೆ ಕರೆದ. ಮೊದಲು ದಮ್ಮು ಕಟ್ಟಿ ಏದುಸಿರು ಬಿಡುತ್ತಿದ್ದ ಜಾಗದಲ್ಲಿ ದಡಿಯ ಹೇಗೆ ನುಗ್ಗಿದನೆಂದರೆ ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಸುಳ್ಳು ಹೇಳುವುದಿಲ್ಲ, ನಾನೂ ಭೇಷ್ ಎಂದು ಕೂಗಿಬಿಟ್ಟೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ರಸ್ತೆಯೇ ಕಾಣದಷ್ಟು ಕಪ್ಪು ಹೊಗೆ. ಒಳಗೆ ಅಷ್ಟು ಡೀಸೆಲ್ ಉರಿಯುತ್ತಿದೆ, ಎಷ್ಟು ಬಿಸಿ ಎಂದು ತೋರಿಸಲು ಒಂದು ಮೀಟರೂ ಇಲ್ಲ. ಏರಿನ ತುದಿಯಲ್ಲಿ ತಿರುಗಿಸಿಕೊಂಡು ವಾಪಸ್ ಹೊರಟೆವು. ಬಂದು ಸೇರಿದೆವು. ಅಷ್ಟೇ. ಅವತ್ತಿನಿಂದ ಗೊಣಗಣ್ಣ ಗೊಣಗುವುದನ್ನೇ ಬಿಟ್ಟಿದ್ದಾನೆ. ಬೋಲ್ಟು ಜಾರಿದರೆ ಬೋಲ್ಟನ್ನೂ, ಮೋಡ ಮುಚ್ಚಿದರೆ ಮೋಡವನ್ನೂ ಬೈಯುತ್ತಿದ್ದ ಆಸಾಮಿ ಈಗ ಟೀ ಲೋಟ ಹಿಡಿದು ಸುಮ್ಮನೆ ಚಕ್ರಗಳನ್ನೇ ನೋಡುತ್ತಾ ಕೂರುತ್ತಾನೆ.

ಕಾಲೇಜಿನಲ್ಲಿ ಮೊಮೆಂಟಮ್ ಎಂದು ಒಂದು ಪಾಠವಿತ್ತು. ಮಾಸ್ ಇಂಟು... ಇಂಟು ಮತ್ತೇನೋ. ಆ ಮತ್ತೇನೋ ವೇಗವೇ ಇರಬೇಕು. ನೀನು ಲೋಡನ್ನೂ ಹೆಚ್ಚಿಸಿ ವೇಗವನ್ನೂ ಹೆಚ್ಚಿಸಿದರೆ ಉತ್ತರ ಎಷ್ಟು ಬರುತ್ತದೆಂದು ಗುಣಿಸಿ ನೋಡಲು ನನಗೆ ಧೈರ್ಯವಿಲ್ಲ. ನನ್ನನ್ನು ಕೇಳಿದರೆ ಮೊದಲು ಬ್ರೇಕು. ಇಳಿಜಾರಿನಲ್ಲಿ ಇಂಜಿನ್ನಿನಿಂದಲೇ ಗಾಡಿಯನ್ನು ತಡೆಯುವ ಎಕ್ಸಾಸ್ಟ್ ಬ್ರೇಕೂ ಅದರ ಜೊತೆಗೇ ಆಗಲಿ. ಆಮೇಲೆ ಬಿಸಿ ತೋರಿಸುವ ಮೀಟರು, ರೇಡಿಯೇಟರು, ಆಮೇಲೆ ಕ್ಲಚ್ಚು. ಟರ್ಬೊ ಕೊನೆಗೆ. ಅಲ್ಲಿಯವರೆಗೆ ಟ್ಯೂನಿಂಗನ್ನು ಹಳೆಯದಕ್ಕೇ ತಿರುಗಿಸಿಡಬಹುದಂತೆ. ಇದನ್ನೇ ಗೊಣಗಣ್ಣನಿಗೆ ಹೇಳಿದರೆ, "ಗಾಡಿ ಅವ್ರದ್ದು ಯಜಮಾನ್ರೇ, ಅವ್ರ ಬಾಯಲ್ಲೇ ಬರ್ಲಿ" ಎನ್ನುತ್ತಾನೆ. ನಾಳೆ ಟರ್ಬೊ ಕೂರಿಸುತ್ತಾನೆ. ಶನಿವಾರ ನೀನು ಬಂದವಳೇ ಗ್ಯಾರೇಜಿನಿಂದ ನೇರ ಕೋರೆಗೆ ಹೋಗುತ್ತೀಯಂತೆ.

ನಿನ್ನ ಮೊದಲ ಸೈಕಲ್ ನೆನಪು ಮಾಡಿಕೋ. ನಿಮ್ಮಮ್ಮ ಅಂಗಡಿಯಲ್ಲೇ ಪೆಡಲ್ ಬಿಚ್ಚಿಸಿ ಕೈಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಹಿತ್ತಲಿನ ಇಳಿಜಾರಿನಲ್ಲಿ ನಿನ್ನನ್ನು ಕೂರಿಸಿ ಬಿಡುವುದು, ನೀನು ಬ್ರೇಕ್ ಹಿಡಿಯುವುದು, ಅಷ್ಟೇ ಆಟ. ಬೀದಿಯ ಮಕ್ಕಳೆಲ್ಲ ನಗುತ್ತಿದ್ದರು. ನೀನು ಮೂಗು ಸುರಿಸುತ್ತಾ "ಪೆಡಲ್ ಕೊಡು" ಎಂದು ಅವಳ ಸೆರಗು ಜಗ್ಗಿದರೆ, "ನಿಲ್ಸಿ ತೋರ್ಸು, ಕೊಡ್ತೀನಿ" ಎನ್ನುತ್ತಿದ್ದಳು. ತೋರಿಸಿದೆ, ಕೊಟ್ಟಳು. ಆಗ ಅವಳಿಗೆ ಮಣಿದವಳು ಈಗ ನನಗೆ ಮಣಿಯಬಾರದೇ?

ಹೊತ್ತಿಗೆ ಸರಿಯಾಗಿ ಉಣ್ಣು. ಇಬ್ಬರ ಪಾಲಿನ ಆಶೀರ್ವಾದವನ್ನೂ ನಾನೊಬ್ಬನೇ ಕಳಿಸುತ್ತಿದ್ದೇನೆ. ಭಾರ ಜಾಸ್ತಿಯಾದರೆ ತಡೆದುಕೋ.

ನಿನ್ನ
ಅಪ್ಪ

ತಾ.ಕ.: ಬಂದರಿಗೆ ಹೊರಟ ಪಾರ್ಸೆಲ್ ಗಾಡಿಯವನು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಆದರೂ ಅಂಟಿಸಿದ ಲಕೋಟೆ ಮತ್ತೆ ಹರಿದೆ. ಬಂದು ಸೇರಿದೆವು ಎಂದು ಬರೆದೆ, ಹೇಗೆ ಎಂದು ಬರೆಯಲಿಲ್ಲ. ಇಳಿಯುವಾಗ ಎರಡನೇ ತಿರುವಿನಲ್ಲಿ ಸುಟ್ಟ ವಾಸನೆ ಬಂತು, ಬ್ರೇಕ್ ಪೆಡಲ್ ಮೆತ್ತಗಾಗಿ ನೆಲ ಮುಟ್ಟಿತು, ದಡಿಯ ನಿಲ್ಲಲಿಲ್ಲ. ಗೊಣಗಣ್ಣ ಗೇರು ಇಳಿಸಿ ಇಳಿಸಿ, ರಸ್ತೆ ಕೆಲಸದವರು ಸುರಿದಿದ್ದ ಜಲ್ಲಿ ರಾಶಿಗೆ ನುಗ್ಗಿಸಿ ನಿಲ್ಲಿಸಿದ. ಇಬ್ಬರಿಗೂ ಏನೂ ಆಗಿಲ್ಲ, ನಿಜವಾಗಿಯೂ ಆಗಿಲ್ಲ. ಆದರೆ ಅಷ್ಟು ಹೊತ್ತೂ ನನ್ನ ಬಲಗಾಲು ನನ್ನ ಮುಂದಿನ ತಗಡನ್ನು ಒತ್ತುತ್ತಲೇ ಇತ್ತು. ಅಲ್ಲಿ ಪೆಡಲ್ ಇಲ್ಲ ಪುಟ್ಟೀ. ಈಗಲೂ, ಈ ಮೇಜಿನ ಕೆಳಗೆ, ಒತ್ತುತ್ತಲೇ ಇದೆ. ಓದಿದ ತಕ್ಷಣ ಗೊಣಗಣ್ಣನಿಗೆ ಫೋನ್ ಮಾಡು. ಇಲ್ಲವಾದರೆ ಶನಿವಾರ ಪಕ್ಕದ ಸೀಟಿನಲ್ಲಿ ನಾನಿರುತ್ತೇನೆ. ನೀನು ಬರುವ ಮೊದಲೇ ಹತ್ತಿ ಕೂತಿರುತ್ತೇನೆ.