ಐವತ್ತೈದು ಡಿಗ್ರಿಯ ಚಹಾ

ದಂತ ಸಾಮಗ್ರಿಗಳ ಮಂಜೂರಾತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಹಳ್ಳಿಯ ಚಿಕಿತ್ಸಾಲಯಗಳಲ್ಲಿ ಹಂಚಿದ ಹಲ್ಲುಸೆಟ್ಟುಗಳು ವರ್ಷ ತುಂಬುವ ಮೊದಲೇ ಬಿರುಕು ಬಿಡುತ್ತಿರುವುದಕ್ಕೆ ‘ಫಲಾನುಭವಿಗಳ ಅಶಿಸ್ತಿನ ಪಾನೀಯ ಅಭ್ಯಾಸ’ವೇ ಕಾರಣವೆಂದು ತಾವು ಸುತ್ತೋಲೆ ಹೊರಡಿಸಿದ್ದೀರಿ. ಪುರಾವೆಗೆಂದು ಒಂದು ಸಂಶೋಧನಾ ಪ್ರಬಂಧವನ್ನೂ ಲಗತ್ತಿಸಿದ್ದೀರಿ. ಆ ಪ್ರಬಂಧ ನನ್ನದು. ಸುತ್ತೋಲೆ ಸುಳ್ಳು. ಆ ಸುಳ್ಳಿನಲ್ಲಿ ನನ್ನ ಪಾಲು ನಿಮ್ಮ ಪಾಲಿಗಿಂತ ದೊಡ್ಡದು. ಇದನ್ನು ಹೇಳಲು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಾದ್ದರಿಂದ ಊರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಾಚಿಕೆಗೇಡಿನ ಸಂಗತಿಯನ್ನು ನಾಲ್ಕು ಜನರ ಎದುರು ಹೇಳಿಕೊಳ್ಳುವುದು ಸುಲಭವಲ್ಲ. ಆದರೂ ಹೇಳುತ್ತೇನೆ.

ನಾನು ಕೈರೋದಿಂದ ದಕ್ಷಿಣಕ್ಕಿರುವ ಸಯೀದ್ ಸೀಮೆಯ ಹೆಣ್ಣು. ಇದೇ ಸೀಮೆಯ ಒಂದು ದಂತ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹಲ್ಲುಸೆಟ್ಟಿನ ಗುಲಾಬಿ ಬಣ್ಣದ ಅಕ್ರಿಲಿಕ್ಕಿಗೆ ಭತ್ತದ ಹೊಟ್ಟಿನ ಬೂದಿಯನ್ನು ನುಣ್ಣಗೆ ಮಾಡಿ ಬೆರೆಸಿದರೆ ಅದು ಗಟ್ಟಿಯಾಗುತ್ತದೆಂಬುದು ನನ್ನ ಶೋಧ. ಗಟ್ಟಿಯಾದದ್ದು ನಿಜ. ಬೆರಳುದ್ದದ ಪಟ್ಟಿಗಳನ್ನು ಎರಕ ಹೊಯ್ದು, ಯಂತ್ರಕ್ಕಿಟ್ಟು ಮುರಿದು ನೋಡಿದೆವು. ಮುರಿಯುವ ಮೊದಲು ಅವಕ್ಕೆ ಬಾಯೊಳಗಿನ ವನವಾಸವೂ ಆಗಬೇಕು. ಐದು ಡಿಗ್ರಿಯ ತಣ್ಣೀರಿನಲ್ಲೊಮ್ಮೆ, ಐವತ್ತೈದು ಡಿಗ್ರಿಯ ಬಿಸಿನೀರಿನಲ್ಲೊಮ್ಮೆ ಅದ್ದಿ ತೆಗೆಯುವ ಯಂತ್ರ ನಮ್ಮಲ್ಲಿದೆ. ಹತ್ತು ಸಾವಿರ ಸಲ ಅದ್ದಿದರೆ ಮನುಷ್ಯನ ಬಾಯಲ್ಲಿ ಒಂದು ವರ್ಷ ಕಳೆದಂತೆ ಎಂದು ಲೆಕ್ಕ. ಹೊರದೇಶದಿಂದ ಬಂದ ನಿಯಮ ಅದು, ಲೋಕವೆಲ್ಲ ಒಪ್ಪಿದ್ದು, ನಾವು ಕಣ್ಣಿಗೊತ್ತಿಕೊಂಡು ಪಾಲಿಸಿದ್ದು.

ಐವತ್ತೈದು ಡಿಗ್ರಿ! ಮಾನ್ಯರೇ, ತಾವು ಕೈರೋದವರು, ಹಾಲು ಬೆರೆಸಿದ ಚಹಾವನ್ನು ಆರಿಸಿ ಕುಡಿಯುವವರಿರಬಹುದು. ನಮ್ಮ ಕಡೆ ಚಹಾ ಎಂದರೆ ಪುಡಿ, ಸಕ್ಕರೆ, ನೀರು ಒಟ್ಟಿಗೆ ಒಲೆಯ ಮೇಲೆ ಕುದ್ದು ಕುದ್ದು ಕಪ್ಪಗಾದದ್ದು. ಲೋಟ ಹಿಡಿದ ಬೆರಳು ಚುರ್ ಎನ್ನುವಾಗಲೇ ಅದು ಗಂಟಲಿಗಿಳಿಯಬೇಕು. ಇದು ನನಗೆ ಗೊತ್ತಿರಲಿಲ್ಲವೇ? ಅದನ್ನೇ ಕುಡಿದು ಬೆಳೆದವಳು ನಾನು. ಆದರೂ ಲ್ಯಾಬಿನ ಬಾಗಿಲು ದಾಟಿದ ಕೂಡಲೇ ನನ್ನ ಊರಿನವರ ಬಾಯಿ ನನಗೆ ಮರೆತುಹೋಗುತ್ತಿತ್ತು.

ನೆನಪಿಸಿದವರು ನಮ್ಮ ಲ್ಯಾಬಿನ ಸಹಾಯಕ ಫಾನೂಸ್. ಅರವತ್ತು ಸಮೀಪಿಸಿದ ಅವರನ್ನು ನಾವೆಲ್ಲ ಚಿಕ್ಕಪ್ಪ ಎಂದೇ ಕರೆಯುವುದು. ಒಂದು ದಿನ ಯಂತ್ರದ ಬಿಸಿನೀರಿಗೆ ಬೆರಳಿಟ್ಟು ನಕ್ಕರು.

“ಡಾಕ್ಟರಮ್ಮ, ಈ ಬಿಸೀಲಿ ನಮ್ಮೂರೋರು ಮುಖ ತೊಳೀತಾರೆ. ಮನೆಗೆ ಬಂದೋರಿಗೆ ಇಂಥ ಚಹಾ ಕೊಟ್ರೆ ಜಗಳ ತೆಗೆದು ಎದ್ದೋಗ್ತಾರೆ.”

“ನಿಯಮ ಹೊರದೇಶದ್ದು ಚಿಕ್ಕಪ್ಪ, ನಾವು ಬದಲಾಯಿಸೋಕಾಗಲ್ಲ.”

“ಹಂಗಾದ್ರೆ ಹಲ್ಲೂ ಅಲ್ಲಿಗೇ ಕಳಿಸ್ಬಿಡಿ, ಅವ್ರೇ ಹಾಕ್ಕೊಳ್ಳಿ.”

ನಾನೂ ನಕ್ಕೆ. ಅವರು ಅಲ್ಲಿಗೇ ಬಿಡಲಿಲ್ಲ. ಮಿಕ್ಕಿದ್ದ ಆರು ಪಟ್ಟಿಗಳನ್ನು ನನಗೆ ಹೇಳದೆ ಒಯ್ದು, ತಮ್ಮ ಚಹಾ ಕೆಟಲಿನೊಳಗೆ ಹಾಕಿ, ಮೂರು ವಾರ ದಿನಕ್ಕೆ ಎಂಟು ಹತ್ತು ಸಲ ಕುದಿಸಿದರು. ಆಮೇಲೆ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟರು. ಪಟ್ಟಿಗಳ ಮೈಮೇಲೆಲ್ಲ ಕೂದಲೆಳೆಯಂಥ ಬಿರುಕು. ಬೆರಳಾಡಿಸಿದರೆ ಬೂದಿ ಎದ್ದು ಬಂದ ಜಾಗ ಚುಚ್ಚುತ್ತಿತ್ತು. ಕುತೂಹಲಕ್ಕೆ ಯಂತ್ರಕ್ಕಿಟ್ಟು ಮುರಿದೆ. ಉಳಿದವು ತಡೆದ ಭಾರದ ಅರ್ಧಕ್ಕೇ ಆರೂ ಮುರಿದವು.

ಆ ಸಂಖ್ಯೆಯನ್ನು ನಾನು ಕಣ್ಣಾರೆ ಕಂಡೆ. ಬರೆದುಕೊಳ್ಳಲಿಲ್ಲ. ಪ್ರಬಂಧ ಒಪ್ಪಿಸಲು ಹತ್ತು ದಿನ ಉಳಿದಿತ್ತು, ಅದರ ಬೆನ್ನಿಗೇ ನನ್ನ ಪ್ರಾಧ್ಯಾಪಕಿ ಹುದ್ದೆಯ ಸಂದರ್ಶನವಿತ್ತು. ತುಂಡುಗಳನ್ನು ಕಸದ ಬುಟ್ಟಿಗೆ ಹಾಕಿದೆ. ಅಷ್ಟಕ್ಕೇ ಸುಮ್ಮನಿದ್ದರೆ ಒಂದು ಮಾತು. “ಕೇಳದೆ ಮಾದರಿ ಮುಟ್ಟೋಕೆ ನಿಮಗ್ಯಾರು ಹೇಳಿದ್ದು? ಸಂಶೋಧನೆ ಅಂದ್ರೆ ಕೆಟಲಲ್ಲಿ ಕುದಿಸೋದಾ?” ಎಂದು ವಿದ್ಯಾರ್ಥಿಗಳ ಎದುರಿಗೇ ಆ ಹಿರಿಯರನ್ನು ಗದರಿಸಿದೆ. ಅವರು ಕೈಕಟ್ಟಿ ನಿಂತು, “ತಪ್ಪಾಯ್ತು ಡಾಕ್ಟರಮ್ಮ” ಎಂದರು. ಇಡೀ ಲ್ಯಾಬಿನಲ್ಲಿ ನಿಜವಾದ ಪರೀಕ್ಷೆ ಮಾಡಿದ ಒಬ್ಬನೇ ಮನುಷ್ಯ ನನ್ನ ಕ್ಷಮೆ ಕೇಳಿದ, ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ! ನನಗೆ ಹುದ್ದೆ ಸಿಕ್ಕಿತು. ತಮ್ಮ ಸಮಿತಿ ಒಂಬತ್ತೇ ದಿನದಲ್ಲಿ ಮಂಜೂರಾತಿ ಕೊಟ್ಟಿತು. ಹೋದ ವರ್ಷ ಹಲ್ಲಿಲ್ಲದ ಸಾವಿರದಿನ್ನೂರು ಹಿರಿಯರ ಬಾಯಿಗೆ ನನ್ನ ಶೋಧ ಕೂತಿತು.

ಅವರಲ್ಲಿ ನನ್ನ ಸೋದರತ್ತೆ ನಬವಿಯ್ಯಾ ಒಬ್ಬರು. ತಾಯಿ ಇಲ್ಲದ ನನ್ನನ್ನು ಸಾಕಿದವರು. ತಮ್ಮ ಸುತ್ತೋಲೆ ಹೊರಟ ವಾರವೇ ನಾನು ಊರಿಗೆ ಹೋಗಿದ್ದೆ. ನೆರೆಯ ಹೆಂಗಸು ಹಜ್ ಮುಗಿಸಿ ಬಂದಿದ್ದಳು, ಅತ್ತೆಯ ಜೊತೆ ನೋಡಲು ಹೋದೆ. ಚಹಾ ಬಂತು. ಅತ್ತೆ ಲೋಟ ಹಿಡಿದು ಕೂತೇ ಇದ್ದರು. ಹತ್ತಾರು ಹೆಂಗಸರ ಎದುರು ಹಲ್ಲು ತೆಗೆದಿಡುವುದುಂಟೇ? ಕೊಟ್ಟ ಚಹಾ ಆರಲು ಬಿಡುವುದೂ ನಮ್ಮಲ್ಲಿ ಅವಮಾನವೇ.

ಮನೆಯಾಕೆ ಸುಮ್ಮನಿರಲಿಲ್ಲ. “ಸರ್ಕಾರಿ ಹಲ್ಲು ಬಂದ್ಮೇಲೆ ನಬವಿಯ್ಯಾಗೆ ನಮ್ಮನೆ ಚಹಾ ಸೇರಲ್ಲ ಬಿಡ್ರಮ್ಮ!”

“ಅಯ್ಯೋ, ನಿನ್ನ ಚಹಾ ಬಿಟ್ಟೇನೇನೆ ಹಾಜ್ಜಾ?” ಎಂದವರೇ ಅತ್ತೆ ಗಟಗಟನೆ ಕುಡಿದುಬಿಟ್ಟರು. ಕಣ್ಣಲ್ಲಿ ನೀರು ಬಂತು. ತಲೆಯ ಬಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಮನೆಗೆ ಬಂದು ಹಲ್ಲುಸೆಟ್ಟು ತೆಗೆಸಿ ನೋಡಿದೆ. ಫಾನೂಸ್ ಚಿಕ್ಕಪ್ಪ ನನ್ನ ಮೇಜಿನ ಮೇಲಿಟ್ಟದ್ದೇ ಬಿರುಕು. ಅಂಗುಳಿನ ತುಂಬ ಹುಣ್ಣು. ಎಷ್ಟೋ ತಿಂಗಳಿಂದ ರೊಟ್ಟಿಯನ್ನು ನೀರಲ್ಲಿ ನೆನೆಸಿ ನುಂಗುತ್ತಿದ್ದರಂತೆ.

“ಯಾಕೆ ಹೇಳ್ಲಿಲ್ಲ ಅತ್ತೆ?”

“ಏನಂತ ಹೇಳ್ಲಿ? ನೀನು ಮಾಡಿದ ಹಲ್ಲು ಚಿನ್ನದಂಗೈತೆ ಕಣೆ. ನನ್ನ ಬಾಯೇ ಸರಿಯಿಲ್ಲ. ಆಸ್ಪತ್ರೆ ನರ್ಸಮ್ಮ ಕಾಗದ ಓದಿದ್ಲು, ಬೆಂಚಿನ ಮೇಲೆ ಕೂತೋರೆಲ್ಲಾರ ಮುಂದೇನೇ ಬೈದ್ಲು. ಎಮ್ಮೆ ಕಲಗಚ್ಚು ಕುಡಿದಂಗೆ ಕುದಿಯೋದನ್ನ ಕುಡೀತೀರಿ, ನಿಮಗ್ಯಾಕೆ ಹಲ್ಲು ಅಂದ್ಲು. ನಿನ್ನ ಹೆಸ್ರು ಕೆಡಿಸ್ಬಿಟ್ಟೆ ಮಗಾ.”

ಅವರ ಹೆಸರು ಕೆಡಿಸಿದವಳು ನಾನು, ನನ್ನ ಹೆಸರು ಕೆಡಿಸಿದೆನೆಂದು ಮರುಗುತ್ತಿದ್ದವರು ಅವರು. ಆಗಲಾದರೂ ನಿಜ ಹೇಳಿದೆನೇ? ಇಲ್ಲ. ಹುಣ್ಣಿಗೆ ಮುಲಾಮು ಹಚ್ಚಿ, ರೈಲಿಗೆ ಹೊತ್ತಾಯಿತೆಂದು ಎದ್ದು ಬಂದೆ. ನನ್ನ ಬಗ್ಗೆ ನನಗೆ ಹೇಸಿಗೆ ಹುಟ್ಟಿದ್ದು ಆ ರೈಲಿನಲ್ಲಿ.

ಅದಾದ ಮೇಲೆ ತಮ್ಮ ಕಚೇರಿಯ ಮೂರು ಪ್ರಯಾಣಗಳು. ಮೊದಲ ಸಲ ತಾವು ಸಭೆಯಲ್ಲಿದ್ದಿರಿ. ಎರಡನೆಯ ಸಲ, ಮಂಜೂರಾದ ಪ್ರಬಂಧವನ್ನು ಹಿಂದಕ್ಕೆ ಪಡೆಯಲು ಯಾವ ನಮೂನೆಯ ಅರ್ಜಿಯೂ ಇಲ್ಲವೆಂದು ತಿಳಿಯಿತು. ಮೂರನೆಯ ಸಲ ತಮ್ಮ ಕಾರ್ಯದರ್ಶಿಯವರು ಕುರ್ಚಿ ಕೊಟ್ಟು ಕೂರಿಸಿದರು.

“ಪರೀಕ್ಷೆ ನಿಯಮದ ಪ್ರಕಾರ ಆಗಿದ್ಯೋ ಇಲ್ವೋ ಡಾಕ್ಟರೇ?”

“ಆಗಿದೆ.”

“ಐವತ್ತೈದು ಡಿಗ್ರೀಲಿ ಏನೂ ಆಗಿಲ್ಲ ತಾನೆ?”

“ಏನೂ ಆಗಿಲ್ಲ. ಆದ್ರೆ ನಮ್ಮ ಜನ...”

“ಮತ್ತೆ ತಪ್ಪು ಜನರದ್ದೇ ಆಯ್ತಲ್ಲ. ನಿಮಗ್ಯಾಕೆ ಇಲ್ಲದ ತಲೆನೋವು? ಮನೆಗೆ ಹೋಗಿ ಆರಾಮಾಗಿ ಒಂದು ಚಹಾ ಕುಡೀರಿ.”

ಎಂಥ ತರ್ಕ ನೋಡಿ! ಹಲ್ಲುಸೆಟ್ಟು ಯಂತ್ರದಲ್ಲಿ ಒಡೆಯಲಿಲ್ಲ, ಬಾಯಲ್ಲಿ ಒಡೆಯಿತು, ಆದ್ದರಿಂದ ಬಾಯಿಯದೇ ದೋಷ. ನಿಯಮದಂತೆ ಚಹಾ ಕುಡಿಯದ ಒಂದಿಡೀ ಸೀಮೆಯ ಜನರನ್ನು ತಿದ್ದಬೇಕೇ ಹೊರತು ಯಂತ್ರದ ಗುಂಡಿ ತಿರುಗಿಸಿ ಇಪ್ಪತ್ತೈದು ಡಿಗ್ರಿ ಏರಿಸಲಾಗದು. ಆದರೆ ತಮ್ಮನ್ನು ಹಂಗಿಸುವ ಬಾಯಿ ನನಗಿಲ್ಲ. ಈ ತರ್ಕ ಕಲಿಸಿದವಳು ನಾನೇ. ಕಸದ ಬುಟ್ಟಿಯ ಮುಂದೆ ನಿಂತು ನಾನು ಮಾಡಿದ್ದನ್ನೇ ತಾವು ಮೊಹರು ಹಾಕಿ ಮಾಡಿದ್ದೀರಿ.

ಮುಂದಿನ ತಿಂಗಳು ಇನ್ನೂ ನಾಲ್ಕು ಸಾವಿರ ಸೆಟ್ಟುಗಳು ಹಳ್ಳಿಗಳಿಗೆ ಹೊರಡಲಿವೆಯಂತೆ. ಅದಕ್ಕೇ ಕಳೆದ ವಾರ ಮೊದಲು ಫಾನೂಸ್ ಚಿಕ್ಕಪ್ಪನ ಬಳಿ ಹೋಗಿ, ಅದೇ ವಿದ್ಯಾರ್ಥಿಗಳ ಎದುರು ಕ್ಷಮೆ ಕೇಳಿದೆ. ಅವರು ಮುಖ ಬೇರೆ ಕಡೆ ತಿರುಗಿಸಿ, “ನನ್ನ ಕೇಳಿ ಏನಾಗ್ಬೇಕು ಡಾಕ್ಟರಮ್ಮ? ತಿನ್ನೋಕಾಗದೆ ಕೂತೋರನ್ನ ಕೇಳಿ” ಎಂದರು. ಮರುದಿನ ಊರಿಗೆ ಹೋದೆ. ಅತ್ತೆಯ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ, ಕೆಟಲು, ಸಂಖ್ಯೆ, ಕಸದ ಬುಟ್ಟಿ, ಹುದ್ದೆ, ಒಂದನ್ನೂ ಬಿಡದೆ. ಬೈಯುತ್ತಾರೆಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಒಂದೇ ಮಾತು ಕೇಳಿದರು.

“ಹಂಗಾದ್ರೆ ತಪ್ಪು ನಂದಲ್ಲ?”

“ಅಲ್ಲ ಅತ್ತೆ.”

“ನಿಜ ಹೇಳು. ನಂದಲ್ಲ?”

ಮೂರು ಸಲ ಕೇಳಿ ಮೂರು ಸಲ ಹೇಳಿಸಿಕೊಂಡರು.

ಮಾನ್ಯರೇ, ಆ ನಾಲ್ಕು ಸಾವಿರ ಸೆಟ್ಟುಗಳನ್ನು ತಡೆಹಿಡಿಯಿರಿ. ನನ್ನ ಪ್ರಬಂಧವನ್ನು ರದ್ದು ಮಾಡಿ, ಹುದ್ದೆಯ ವಿಚಾರ ಕಾನೂನಿನಂತೆ ಏನಾಗಬೇಕೋ ಆಗಲಿ. ಕೊಟ್ಟ ಸಾವಿರದಿನ್ನೂರನ್ನು ವಾಪಸು ಪಡೆದು, ನಮ್ಮ ಚಹಾದಲ್ಲಿ ಕುದಿಸಿ ಪರೀಕ್ಷಿಸಿದ ಬೇರೆ ಹಲ್ಲು ಕೊಡಿ. ಇದಕ್ಕೆಲ್ಲ ಸಭೆ ಕರೆಯಬೇಕು, ತಡವಾದೀತು, ಬಲ್ಲೆ. ಆದರೆ ಒಂದು ಕೆಲಸಕ್ಕೆ ಸಭೆ ಬೇಕಿಲ್ಲ. ತಮ್ಮ ಸುತ್ತೋಲೆಯನ್ನು ಓದಿದ ನರ್ಸುಗಳಿಂದಲೇ, ಅವೇ ಬೆಂಚುಗಳ ಮುಂದೆ, ಅಷ್ಟೇ ಗಟ್ಟಿಯಾಗಿ, ‘ತಪ್ಪು ನಿಮ್ಮದಲ್ಲ’ ಎಂದು ನಾಳೆಯೇ ಓದಿಸಿ. ಒಂದು ಸಲಕ್ಕೆ ಅವರು ನಂಬುವುದಿಲ್ಲ, ಮೂರು ಸಲ ಓದಿಸಿ. ಮತ್ತೆ ಯಾರ ತಪ್ಪು ಎಂದು ಯಾರಾದರೂ ಕೇಳಿದರೆ ಹೇಳಲು ಹೆಸರು ಇಲ್ಲಿದೆ.

ಇಂತಿ,
ತಾವು ಲಗತ್ತಿಸಿದ ಪುರಾವೆಯನ್ನು ಬರೆದವಳು,
ರಾವಿಯಾ ಖಲಫ್