ಭಾವನವರು ಮಾಡಿ ಕಳಿಸಿದ ಬೀರು

ಮುಂಬಯಿ, ನವೆಂಬರ್ ೧೯೬೯

ಭದ್ರಾವತಿಯ ಓಂಕಾರಪ್ಪ ಭಾವನವರಿಗೆ ಉಜ್ಜನಪ್ಪನ ನಮಸ್ಕಾರಗಳು.

ಕಂಪ್ಯೂಟರ್ ಕೂರಿಸಲೆಂದು ನೀವು ಮಾಡಿ, ಶಿವಮೊಗ್ಗದಲ್ಲಿ ಬಣ್ಣ ಹೊಡೆಸಿ ರೈಲಿಗೆ ಹಾಕಿದ ಮೊದಲ ಕಬ್ಬಿಣದ ಬೀರು ನಿನ್ನೆ ನಮ್ಮ ಕಾರ್ಖಾನೆಗೆ ತಲುಪಿತು. ಒಂದು ಗೀರೂ ಬಿದ್ದಿಲ್ಲ. ನಮ್ಮ ಸಾಹೇಬರು ಶಿವಮೊಗ್ಗದವರೇ. ಬಾಗಿಲು ತೆಗೆದು, ಹಾಕಿ, ಮೆಚ್ಚಿಕೊಂಡರು. ಆಮೇಲೆ ಜರಿಹುಳುವಿನಂತೆ ಸಾಲು ಕಾಲುಗಳಿದ್ದ ಪುಟ್ಟ ಕಪ್ಪು ಚೂರೊಂದನ್ನು ನನ್ನ ಅಂಗೈಗೆ ಹಾಕಿದರು. ಅದಕ್ಕೆ ಚಿಪ್ ಅನ್ನುತ್ತಾರೆ.

"ಇದು ಈ ವರ್ಷ ಅಗ್ಗ ಆಗೋಯ್ತು ಮಾರಾಯ. ಬೀರು ತುಂಬ ಇಡ್ತಿದ್ದ ಭಾಗಗಳ ಕೆಲಸಾನ ಇಂಥವು ಒಂದು ಹಿಡಿ ಇದ್ರೆ ಮಾಡ್ತವೆ. ಇನ್ಮೇಲೆ ಕಂಪ್ಯೂಟರ್ ಮೇಜಿನ ಮೇಲೇ ಕೂರುತ್ತೆ. ನಿಮ್ಮ ಭಾವನ ಕೆಲಸ ಚೆನ್ನಾಗಿದೆ, ಆದ್ರೆ ಅದರೊಳಗೆ ಇಡೋಕೆ ನಮ್ಮ ಹತ್ರ ಏನೂ ಉಳಿದಿಲ್ಲ" ಎಂದರು. ಮಿಕ್ಕ ಬೀರುಗಳು ಬೇಡವಂತೆ.

ಇದನ್ನು ವಾಪಸು ಕಳಿಸಲು ಮನಸ್ಸು ಬರದೆ ನನ್ನ ಕೋಣೆಗೆ ತಂದೆ. ನನ್ನೆರಡು ಅಂಗಿ ಅದರಲ್ಲಿ ನೇತಾಡುತ್ತಿವೆ.

ನನ್ನ ಕೆಮ್ಮು ವಾಸಿಯಾಗಿದೆ. ಬೀರು ಬೇಡವಾದ ಸುದ್ದಿಯನ್ನು ಅಕ್ಕನಿಗೆ ನೀವೇ ನಿಧಾನವಾಗಿ ತಿಳಿಸಿ. ಹೊಸ ತಗಡು ಕೊಳ್ಳಬೇಡಿ. ಮಲವಗೊಪ್ಪದ ಶಾಲೆಯವರು ಬೀರು ಕೇಳಿದಾಗ ನನ್ನ ಮಾತು ನಂಬಿ ಆಗುವುದಿಲ್ಲ ಎಂದಿದ್ದಿರಿ. ಈ ಕಾರ್ಡು ಕೈಸೇರಿದ ದಿನವೇ ಹೋಗಿ ಅವರನ್ನು ಕಾಣಿ. ಆ ಕೆಲಸವನ್ನು ಇನ್ನೂ ಯಾರಿಗೂ ಕೊಟ್ಟಿರಲಿಕ್ಕಿಲ್ಲ.

ಉಜ್ಜನಪ್ಪ