ಶಾಲೆ ಬಿಟ್ಟ ಕಾರಣ

1964 ಜನವರಿ 12, ಭಾನುವಾರ. ಬೆಳಿಗ್ಗೆ 11

ಬರೆಯದೇ ಬಿಡೋಣ ಅಂತಲೇ ಇದ್ದೆ. ಪ್ರಬಂಧಕ್ಕಾಗಿ ನೂರ ಹದಿಮೂರು ಹೆಂಗಸರನ್ನು ಮಾತಾಡಿಸಿದ್ದೇನೆ. ತೋರಿಸಿರುವುದು ನೂರ ಹನ್ನೆರಡು. ಬಿಟ್ಟದ್ದು ಮುನಿಶಾಮಮ್ಮನ ಫಾರಂ.

ಹಳ್ಳಿ ಹುಡುಗಿಯರು ಶಾಲೆ ಯಾಕೆ ಬಿಡುತ್ತಾರೆ — ನನ್ನ ಎಂ.ಎ.ಗೆ ಅದೇ ವಿಷಯ. ನಿನ್ನೆ ಹುಣಸಮಾರನಹಳ್ಳಿ. ಮೂರನೇ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಿದಳು. ಶಾಮಿ! ಯಲಹಂಕದ ಮಿಡ್ಲ್ ಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಯಾವಾಗಲೂ ಅವಳು ಫಸ್ಟು, ನಾನು ಸೆಕೆಂಡು.

"ಏನೇ ರತ್ನಿ, ನಲವತ್ಮೂರಾದ್ರೂ ನಿನ್ ಇಸ್ಕೂಲು ಮುಗೀಲಿಲ್ವಾ?"

ನಕ್ಕೆವು. ಕಾಫಿ ಕೊಟ್ಟಳು. ಒಂದು ಮೊರದ ತುಂಬ ಅವರೆಕಾಯಿಯನ್ನೂ ನನ್ನ ಮುಂದೆ ತಳ್ಳಿದಳು, ಸುಲಿ ಅಂತ.

ಏಳನೇ ಕಾಲಂ: ಶಾಲೆ ಬಿಟ್ಟ ಕಾರಣ.

"ಬರ್ಕೋ. ಸಿಟಿ ಇಂಗ್ಲಿಷ್ ಇಸ್ಕೂಲ್ಗೆ ಒಂದೇ ಫ್ರೀ ಸೀಟು. ಪರೀಕ್ಸೆಗೆ ಎಲ್ಡು ದಿನ ಐತೆ ಅನ್ನೋವಾಗ ದೊಡ್ಡೋಳಾದೆ. ಮುಚ್ಚಿಟ್ಕೊಂಡಿದ್ದೆ. ನಮ್ಮತ್ತಿಗೆ ಅಂಜಿನಿ ಬಾವಿತಾವ ಬಟ್ಟೆ ನೋಡ್ಬುಟ್ಟು ಅವ್ವಂಗೆ ಏಳ್ಬುಟ್ಲು. ಮಾವ ಸೊಪ್ಪಿನ ಗುಡ್ಲು ಆಕ್ದ. ಒಂಬತ್ ದಿನ ಅದ್ರಾಗೇ ಕುಂತೆ. ಸೀಟು ನಿಂಗೋಯ್ತು. ಅವತ್ತಿಂದ ಅಂಜಿನಿ ಜತೆ ಮಾತಿಲ್ಲ ನಂಗೆ."

ಅಂಜಿನಮ್ಮ ಹೇಳಲಿಲ್ಲ. ಹೇಳಿದವಳು ನಾನು.

ಶಾಮಿ ನನಗೊಬ್ಬಳಿಗೇ ಹೇಳಿದ್ದಳು. ಪರೀಕ್ಷೆ ಮುಗಿಯೋವರೆಗೂ ಬಾಯಿ ಬಿಡಬೇಡ ಅಂತ ಆಣೆ ಇಡಿಸಿಕೊಂಡಿದ್ದಳು. ಆ ಸಂಜೆಯೇ ಅವಳ ಅವ್ವನ ಹತ್ತಿರ ಹೋದೆ. ನಾನು ಹೇಳಿದ್ದು ಅನ್ನಬೇಡಿ ಅಂದೆ. ಆಕೆ ಸಾಯುವವರೆಗೂ ಅನ್ನಲಿಲ್ಲ. ಮುಟ್ಟು ಮುಚ್ಚಿಟ್ಟರೆ ಮನೆದೇವರು ಮುನಿಯುತ್ತೆ ಅಂತ ಹೆದರಿ ಹೇಳಿದೆ — ಮೂವತ್ತು ವರ್ಷ ಹೀಗೇ ಅಂದುಕೊಂಡು ಬಂದೆ. ಹೆದರಿದ್ದು ನಿಜ. ಸೀಟು ನೆನಪಿದ್ದದ್ದೂ ನಿಜ.

ಫೆಬ್ರವರಿ 3, ಸೋಮವಾರ

ಮುಸರ್ರತ್ ಕ್ಲಾಸಿಗೆ ಬಂದಾಗ ಇವತ್ತೂ ಎದ್ದು ನಿಂತೆ. ಇಂಗ್ಲಿಷ್ ಸ್ಕೂಲಿನಲ್ಲಿ ಒಂದೇ ಬೆಂಚು ನಮ್ಮದು. ಈಗ ಅವಳು ರೀಡರ್, ನನ್ನ ಗೈಡು.

"ಕೂತ್ಕೊಳ್ಳೇ ರತ್ನಾ. ನೀನು ಎದ್ದು ನಿಂತ್ರೆ ನಂಗೇ ವಯಸ್ಸಾದಂಗಾಗುತ್ತೆ."

ಹುಡುಗಿಯರೆಲ್ಲ ನಕ್ಕರು. ಆ ಬೆಂಚಿನಲ್ಲಿ ಇನ್ನೊಬ್ಬಳು ಡಾಕ್ಟರ್, ಮತ್ತೊಬ್ಬಳು ಡೆಲ್ಲಿಯಲ್ಲಿ ದೊಡ್ಡ ಆಫೀಸರ್. ನಾನು ಹದಿನೇಳಕ್ಕೆ ಮದುವೆ, ಇಪ್ಪತ್ತೊಂಬತ್ತಕ್ಕೆ ವಿಧವೆ, ಆಮೇಲೆ ಬಿ.ಎ., ಹೆಬ್ಬಾಳದ ಸ್ಕೂಲಿನಲ್ಲಿ ಮೇಡಂ. ನನ್ನನ್ನು ಇವರ ಪಕ್ಕ ನಿಲ್ಲಿಸಿಕೊಂಡು ನೋಡಿ ನೋಡಿಯೇ ಇಷ್ಟು ವರ್ಷ ಕೊರಗಿದ್ದು. ಹುಣಸಮಾರನಹಳ್ಳಿ ಬಸ್ಸು ದಿನಾ ನಮ್ಮ ಸ್ಕೂಲಿನ ಮುಂದೇ ಹೋಗುತ್ತೆ. ಒಂದು ದಿನವೂ ಅದನ್ನು ಹತ್ತಿರಲಿಲ್ಲ.

"ನೂರ ಹದಿಮೂರು ಅಂದಿದ್ದೆ ಅಲ್ವಾ?" ಕ್ಲಾಸಾದ ಮೇಲೆ ಕೇಳಿದಳು.

ಒಬ್ಬರ ಉತ್ತರ ತಪ್ಪಿತ್ತು ಅಂದೆ. ಸುಳ್ಳೇನಲ್ಲ.

ಫೆಬ್ರವರಿ 23, ಭಾನುವಾರ

ಅಂಜಿನಮ್ಮನಿಗೆ ಕಾಯಿಲೆ ತೀರಾ ಜಾಸ್ತಿಯಾಗಿದೆ ಅಂತ ತಿಳಿದು ಯಲಹಂಕಕ್ಕೆ ಹೋದೆ. ಹೊಟ್ಟೆ ಊದಿದೆ. ಕಣ್ಣು ಮಾತ್ರ ಚುರುಕು.

"ಶಾಮಿ ಸಿಕ್ಕಿದ್ಲಂತೆ ನಿಂಗೆ? ನಾನೇಳ್ಲಿಲ್ಲ ಕಣಮ್ಮ. ನನ್ ಮಕ್ಳ ಮೇಲೆ ಆಣೆ ಇಟ್ಟೆ, ಆದ್ರೂ ನಂಬ್ಲಿಲ್ಲ. ನೀನು ಓದಿದೋಳು, ನಿನ್ ಮಾತು ಕೇಳ್ತಾಳೆ. ಒಂದ್ ದಪ ಬಂದೋಗು ಅಂತ ಏಳವ್ವ."

ಹೇಳ್ತೀನಿ ಅಂದೆ. ನನ್ನ ಗಲ್ಲ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡಳು.

ಮಾರ್ಚ್ 1, ಭಾನುವಾರ

ಬಸ್ಸು ಹತ್ತಿದೆ. ಯಲಹಂಕದಲ್ಲೇ ಇಳಿದುಬಿಟ್ಟೆ. ಟೈಪಾದದ್ದು ತಿದ್ದಬೇಕು, ವೈವಾ ಒಂದು ಮುಗಿಯಲಿ... ವಾಪಸ್ ಬಸ್ಸಿಗೆ ಒಂದು ಗಂಟೆ ಕಾದೆ. ನಡೆದಿದ್ದರೆ ಶಾಮಿಯ ಊರಿಗೆ ಅರ್ಧ ದಾರಿ ಆಗಿರುತ್ತಿತ್ತು.

ಮಾರ್ಚ್ 11, ಬುಧವಾರ

ಅಂಜಿನಮ್ಮ ನಿನ್ನೆ ಹೋದಳು.

ಶಾಮಿ ಬರಲಿಲ್ಲ. ಅಂಜಿನಮ್ಮನ ಗಂಡ, ಶಾಮಿಯ ಅಣ್ಣ ಚಿಕ್ಕಮಾರಯ್ಯ ರಸ್ತೆ ಕಡೆಗೇ ನೋಡುತ್ತಿದ್ದ. ಹೆಣ ಎತ್ತುವುದನ್ನು ಎರಡು ಸಲ ತಡೆದ.

"ಮಣ್ಣಿಗೂ ಬರ್ಲಿಲ್ವಲ್ಲಮ್ಮ ನನ್ ತಂಗಿ. ಹನ್ನೊಂದರ ತಿಥಿಗಾದ್ರೂ..." ನನ್ನ ಕೈ ಹಿಡಿದುಕೊಂಡು ಅತ್ತ. ಹಿಡಿಯಲು ಅವನಿಗೆ ಸಿಕ್ಕಿದ್ದು ನನ್ನ ಕೈ.

ಮಾರ್ಚ್ 16, ಸೋಮವಾರ. ಸಂಜೆ 6

ಶಾಮಿಗೆ ಕಾಗದ ಬರೆದಾಯಿತು. ಮೊದಲನೆಯದರಲ್ಲಿ "ಚಿಕ್ಕವಳಿದ್ದೆ, ತಿಳಿಯಲಿಲ್ಲ" ಅಂತಿತ್ತು. ಹರಿದೆ. ಎರಡನೆಯದರಲ್ಲಿ ದೇವರನ್ನು ಎಳೆದು ತಂದಿದ್ದೆ. ಅದನ್ನೂ ಹರಿದೆ. ಈಗ ಇಷ್ಟೇ: ನಿಮ್ಮವ್ವನಿಗೆ ಹೇಳಿದವಳು ನಾನು. ಅಂಜಿನಮ್ಮ ಅಲ್ಲ. ಆ ಸೀಟು ನನಗೆ ಬೇಕಾಗಿತ್ತು. ತಿಥಿ ಶುಕ್ರವಾರ.

ಇಷ್ಟು ಓದಲು ಇಂಗ್ಲಿಷ್ ಸ್ಕೂಲು ಬೇಕಿಲ್ಲ.

ಕ್ಷಮಿಸು ಅಂತ ಹಾಕಿಲ್ಲ. ಅಂಜಿನಮ್ಮನ ಹತ್ತಿರ ಕ್ಷಮೆ ಕೇಳಲು ಶಾಮಿಗೆ ಇನ್ನು ದಾರಿಯಿಲ್ಲ. ಆ ದಾರಿ ಇಲ್ಲವಾಗಿಸಿದವಳು ನಾನು. ನನಗೆ ಮಾತ್ರ ಕೊಡು ಅನ್ನಲೇ?

ಗುರುವಾರ ವೈವಾ. ಅದು ಮುಗಿಸಿಕೊಂಡು ಹಾಕೋಣ ಅಂತ ಮಧ್ಯಾಹ್ನ ಅಂದುಕೊಂಡೆ. ಆಗ ಕಾಗದ ಸೇರುವುದು ಶನಿವಾರ. ಶಾಮಿ ತಿಥಿಯ ಎಡೆಗೂ ಇರುವುದಿಲ್ಲ. ಗೊತ್ತಿದ್ದೇ ಅಂದುಕೊಂಡೆನಾ? ಇರಬಹುದು. ಅವತ್ತಿನ ಹಾಗೆಯೇ.

ಇಲ್ಲ. ನಾಳೆ ಬೆಳಿಗ್ಗೆ, ಪೋಸ್ಟಿನವನು ಡಬ್ಬ ತೆಗೆಯುವುದಕ್ಕೆ ಮೊದಲು. ಕಾಗದದ ತಲೆಯಲ್ಲಿ ನಾಳೆಯ ತಾರೀಖನ್ನೇ ಹಾಕಿದೆ: ಮಂಗಳವಾರ, ಮಾರ್ಚ್ 17.